ಮರಣದ ಲೆಕ್ಕ ಮತ್ತು ನಮ್ಮ ಹೊಣೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಬಹುಮಾನ ಹಂಚುವ ಸಂತೋಷದ ದಿನ ಸಾವಿನ ವಿಷಯ ಯಾಕೆ ಎಂದು ಕಾರ್ಯದರ್ಶಿಗಳು ನನ್ನನ್ನು ಕೇಳಿದರು. ಕಾರಣ ಒಂದು ಘಟನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನ ತಂದೆ ತೀರಿಕೊಂಡರು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದವರು. ಹೊಟ್ಟೆ ಬಟ್ಟೆ ಕಟ್ಟಿ ಒಂದು ವಿಮಾ ಪಾಲಿಸಿ ಮಾಡಿಸಿದ್ದರು. ಇದ್ದತ್ ಮುಗಿದ ಮೇಲೆ ಆ ತಾಯಿ ಕಾಗದಗಳ ಚೀಲ ಹಿಡಿದು ಶಾಲೆಗೆ ಬಂದರು. ಪಾಲಿಸಿಯಲ್ಲಿ ಒಂದು ವಯಸ್ಸು, ಮತದಾರರ ಚೀಟಿಯಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮೂರನೆಯದು. ಮರಣ ಪ್ರಮಾಣಪತ್ರವನ್ನಂತೂ ಮಾಡಿಸಿರಲೇ ಇಲ್ಲ. ದಫನ್ ಆದದ್ದು ಇಡೀ ಮೊಹಲ್ಲಾಕ್ಕೆ ಗೊತ್ತು, ಯಾವ ಕಾಗದಕ್ಕೂ ಗೊತ್ತಿಲ್ಲ.

"ಮೇಷ್ಟ್ರೇ, ಸತ್ತಿದ್ದು ನಿಜ ತಾನೆ? ಮತ್ತೆ ವಯಸ್ಸು ಯಾಕೆ ಕೇಳ್ತಾರೆ?" ಎಂದರು ಆ ತಾಯಿ.

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಹಣ ಕೈಗೆ ಬರುವಷ್ಟರಲ್ಲಿ ಹುಡುಗ ಶಾಲೆ ಬಿಟ್ಟು ಭಟ್ಟಿಗೆ ಸೇರಿದ್ದ. ಆ ಪ್ರಶ್ನೆಗೆ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಜೀವವಿಮೆಯ ಬುನಾದಿಯೇ ವಯಸ್ಸು. ಯಾವ ವಯಸ್ಸಿನ ಸಾವಿರ ಜನರಲ್ಲಿ ಒಂದು ವರ್ಷಕ್ಕೆ ಎಷ್ಟು ಮಂದಿ ತೀರಿಕೊಳ್ಳುತ್ತಾರೆ ಎಂಬ ಪಟ್ಟಿ ಇದೆ. ಅದಕ್ಕೆ ಮರಣ ಕೋಷ್ಟಕ ಎನ್ನುತ್ತಾರೆ. ನಮ್ಮ ದೇಶದ ವಿಮಾ ಕಂಪನಿಗಳ 2012–14ರ ಅನುಭವದಿಂದ ತಯಾರಿಸಿ, 2019ರ ಏಪ್ರಿಲ್ 1ರಿಂದ ಜಾರಿಗೆ ತಂದ ಕೋಷ್ಟಕವನ್ನು ನೋಡೋಣ. 30 ವರ್ಷದ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 10 ಮರಣ. 40ಕ್ಕೆ ಸುಮಾರು 17. 50ಕ್ಕೆ ಸುಮಾರು 44.

ವಿದ್ಯಾರ್ಥಿಗಳೇ, ಇದನ್ನು ಕರಿಹಲಗೆಯ ಲೆಕ್ಕದಂತೆ ಮಾಡಿ. 30 ವರ್ಷದ ಹತ್ತು ಸಾವಿರ ಜನ ಸೇರಿ, ಈ ವರ್ಷ ನಮ್ಮಲ್ಲಿ ಯಾರು ತೀರಿಕೊಂಡರೂ ಅವರ ಮನೆಗೆ ಒಂದು ಲಕ್ಷ ಕೊಡೋಣ ಎಂದು ಒಪ್ಪಿಕೊಂಡರು ಎನ್ನಿ. 10 ಮನೆಗೆ 10 ಲಕ್ಷ ಬೇಕು. ತಲಾ 100 ರೂಪಾಯಿ ಹಾಕಿದರೆ ಸಾಕು. ಅದೇ 50 ವರ್ಷದವರಾದರೆ ತಲಾ 440 ರೂಪಾಯಿ ಹಾಕಬೇಕು. ಕಂಪನಿಯ ಖರ್ಚು, ಬಡ್ಡಿಯ ಲೆಕ್ಕ ಬೇರೆ. ವಯಸ್ಸು ತಪ್ಪಿದರೆ ಕಂತು ತಪ್ಪುತ್ತದೆ. ಆ ತಾಯಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದೇ.

ಇಂಥ ಕೋಷ್ಟಕ ಮೊದಲು ಹೇಗೆ ಹುಟ್ಟಿತು? ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ಎಂಬ ಊರಿನಲ್ಲಿ ಕ್ಯಾಸ್ಪರ್ ನಾಯ್ಮನ್ ಎಂಬ ಪಾದ್ರಿ ಜನನ ಮರಣಗಳ ವಿವರವನ್ನು, ಸತ್ತವರ ವಯಸ್ಸಿನೊಂದಿಗೆ, ಸಂಗ್ರಹಿಸಿದರು. ಧೂಮಕೇತುವಿನಿಂದ ನಮಗೆ ಪರಿಚಿತರಾದ ಎಡ್ಮಂಡ್ ಹ್ಯಾಲಿ ಅದನ್ನು ಹಿಡಿದು 1693ರಲ್ಲಿ ಕೋಷ್ಟಕ ಮಾಡಿ ಪ್ರಕಟಿಸಿದರು. ಅವರ ಲೆಕ್ಕದಲ್ಲಿ ಆ ಊರಿನ ಜನಸಂಖ್ಯೆ 34,000. ನಮ್ಮ ಹರಿಹರಕ್ಕಿಂತ ಚಿಕ್ಕ ಊರು! ಒಂದು ಚಿಕ್ಕ ಊರು ತನ್ನ ಸತ್ತವರ ವಯಸ್ಸನ್ನು ಸರಿಯಾಗಿ ಬರೆದಿಟ್ಟದ್ದರಿಂದ ಲೋಕಕ್ಕೇ ಒಂದು ವಿದ್ಯೆ ಸಿಕ್ಕಿತು.

ಬರೆದಿಡದವರ ಗತಿ ಏನು? ಅದಕ್ಕೂ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ವಿದೇಶಿ ಕಂಪನಿಗಳು ಭಾರತೀಯರ ಜೀವವನ್ನು ಕೆಳದರ್ಜೆಯದೆಂದು ಎಣಿಸಿ ಹೆಚ್ಚುವರಿ ಕಂತು ಕೇಳುತ್ತಿದ್ದವು. ನಮ್ಮವರ ಲೆಕ್ಕ ನಮ್ಮ ಕೈಯಲ್ಲಿ ಇಲ್ಲದಿದ್ದಾಗ ಕೇಳಿದಷ್ಟು ಕೊಡಬೇಕಾಗುತ್ತದೆ. 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುಯಲ್ ಸಂಸ್ಥೆ ಭಾರತೀಯರಿಗೂ ಸಾಮಾನ್ಯ ದರದಲ್ಲೇ ವಿಮೆ ಕೊಟ್ಟಿತು. 1874ರ ಓರಿಯಂಟಲ್ ಕಂಪನಿಯ ಪಾಲಿಸಿದಾರರ 1925–35ರ ಅನುಭವದಿಂದ ಒಂದು ಕೋಷ್ಟಕವೇ ತಯಾರಾಯಿತು. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣವಾದ ಮೇಲೆ ಜೀವವಿಮಾ ನಿಗಮ ತನ್ನ ಪಾಲಿಸಿದಾರರ ಲೆಕ್ಕದಿಂದ 1970–73, 1975–79, 1994–96ರ ಕೋಷ್ಟಕಗಳನ್ನು ಮಾಡಿತು.

ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲೇ, ಸರ್ಕಾರಿ ನೌಕರರಿಗಾಗಿ ವಿಮಾ ಯೋಜನೆ ಆರಂಭವಾಯಿತು. ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳದ ಚೀಟಿಯಲ್ಲಿ ಕಾಣುವ ಕೆ.ಜಿ.ಐ.ಡಿ. ಕಡಿತದ ಮೂಲ ಅದೇ. ಆದರೆ ಭಟ್ಟಿಯ ಕೂಲಿಗೆ, ಹಮಾಲಿಗೆ, ಆಟೋ ಓಡಿಸುವವನಿಗೆ ಸಂಬಳದ ಚೀಟಿಯೇ ಇಲ್ಲವಲ್ಲ!

ಈ ವಿಷಯದಲ್ಲಿ ಕಾನೂನು ಏನು ಮಾಡಿದೆ? ವಿಮಾ ನಿಯಂತ್ರಣ ಪ್ರಾಧಿಕಾರ 1999ರ ಕಾಯ್ದೆಯಿಂದ ಬಂದದ್ದು, ಕಚೇರಿ ಹೈದರಾಬಾದಿನಲ್ಲಿದೆ. ಮುಂದೆ ಕೊಡಬೇಕಾದ ಹಣಕ್ಕೆ ಕಂಪನಿ ಎಷ್ಟು ಗಂಟು ಇಟ್ಟಿರಬೇಕು ಎಂಬುದನ್ನು ಪ್ರಕಟಿತ ಕೋಷ್ಟಕದ ಆಧಾರದಲ್ಲೇ ಲೆಕ್ಕ ಹಾಕಬೇಕು, ಬೇರೆ ಲೆಕ್ಕ ಬಳಸಬೇಕಾದರೆ ತನ್ನದೇ ಅನುಭವದ ಆಧಾರ ಬೇಕು ಎಂದು 2000ದ ನಿಯಮಾವಳಿಯಲ್ಲೇ ಹೇಳಿತ್ತು. ಈ ಲೆಕ್ಕಕ್ಕೆ ಸಹಿ ಹಾಕುವವರು ಆಕ್ಚುಯರಿ ಎಂಬ ವಿಮಾ ಗಣಿತಜ್ಞರು. ಗಣಿತದಲ್ಲಿ ನೂರಕ್ಕೆ ತೊಂಬತ್ತು ತೆಗೆದಿರುವ ಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಡಾಕ್ಟರ್, ಎಂಜಿನಿಯರ್ ಬಿಟ್ಟು ಬೇರೆ ದಾರಿಯೂ ಇದೆ.

ಕಾಯ್ದೆಯ ಇನ್ನೊಂದು ಮಾತು ಮನೆಮನೆಗೂ ತಿಳಿಯಬೇಕು. 2015ರ ತಿದ್ದುಪಡಿಯ ನಂತರ, ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ವಯಸ್ಸಿನ ದಾಖಲೆಯನ್ನು ಕಂಪನಿ ಯಾವಾಗ ಬೇಕಾದರೂ ಕೇಳಬಹುದು. ಎಲ್ಲ ಬಾಗಿಲು ಮುಚ್ಚಿದರೂ ವಯಸ್ಸಿನ ಬಾಗಿಲು ತೆರೆದೇ ಇರುತ್ತದೆ.

ಬಡವರಿಗೆ ಒಂದು ಅನುಕೂಲವೂ ಇದೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಯಲ್ಲಿ ಎರಡು ಲಕ್ಷದ ವಿಮೆಗೆ ಎಲ್ಲ ವಯಸ್ಸಿಗೂ ಒಂದೇ ಕಂತು. 2022ರ ಜೂನ್ 1ರಿಂದ ಅದು ವರ್ಷಕ್ಕೆ 436 ರೂಪಾಯಿ. 18ರಿಂದ 50 ವರ್ಷದೊಳಗೆ ಸೇರಿದವರು 55ರವರೆಗೆ ಮುಂದುವರಿಯಬಹುದು. ಈಗ ಹೇಳಿದ ಕೋಷ್ಟಕದಂತೆ ಎರಡು ಲಕ್ಷಕ್ಕೆ 30 ವರ್ಷದವನ ಪಾಲು ಸುಮಾರು 200, 50 ವರ್ಷದವನದು ಸುಮಾರು 880. ಅಂದರೆ ಇಲ್ಲಿ ಕಿರಿಯರು ಹಿರಿಯರ ಭಾರ ಹೊರುತ್ತಿದ್ದಾರೆ.

ವಿಮೆ ಜಾಯಿಝೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಬಡ್ಡಿ ಮತ್ತು ಅನಿಶ್ಚಿತತೆಯ ಕಾರಣಕ್ಕೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನಾನು ಮುಫ್ತಿಯಲ್ಲ, ಭಾಷಾ ಶಿಕ್ಷಕ. ನಿಮಗೆ ವಿಶ್ವಾಸವಿರುವ ಆಲಿಮರನ್ನು ಕೇಳಿ. ಆದರೆ ಮರಣ ಕೋಷ್ಟಕ ತಕ್ದೀರಿಗೆ ಎದುರು ನಿಂತದ್ದು ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಯಾರು ಎಂದು, ಎಲ್ಲಿ ಸಾಯುತ್ತಾರೆ ಎಂಬುದು ಅಲ್ಲಾಹನಿಗೆ ಮಾತ್ರ ಗೊತ್ತು. ಕೋಷ್ಟಕವೂ ಅದನ್ನು ಹೇಳುವುದಿಲ್ಲ. ಹತ್ತು ಸಾವಿರದಲ್ಲಿ ಹತ್ತು ಎನ್ನುತ್ತದೆಯೇ ಹೊರತು ಆ ಹತ್ತು ಮಂದಿ ಯಾರೆಂದು ಹೇಳುವುದಿಲ್ಲ. ಅಷ್ಟು ತಿಳಿದಿದ್ದೂ ಹಿಂದೆ ಉಳಿಯುವ ಯತೀಮರಿಗೆ ಏನೂ ವ್ಯವಸ್ಥೆ ಮಾಡದಿರುವುದು ತವಕ್ಕುಲ್ ಅಲ್ಲ, ಅಲಕ್ಷ್ಯ.

ವಿಮೆ ಮಾಡಿಸುವವರಿರಲಿ, ಮಾಡಿಸದವರಿರಲಿ, ನಾವೆಲ್ಲರೂ ಮಾಡಬಹುದಾದ ಎರಡು ಕೆಲಸಗಳಿವೆ.

ಒಂದು, ಹುಟ್ಟಿದ ದಿನ. ನಮ್ಮ ಶಾಲೆಗಳ ದಾಖಲಾತಿ ಪುಸ್ತಕ ತೆರೆದರೆ ಅರ್ಧ ಊರು ಜೂನ್ 1ರಂದು ಹುಟ್ಟಿದಂತೆ ಕಾಣುತ್ತದೆ! ತಂದೆತಾಯಿ ಹೇಳಲಿಲ್ಲ, ಮೇಷ್ಟ್ರು ಬರೆದುಬಿಟ್ಟರು. ಈ ತಪ್ಪು ನಮ್ಮ ವೃತ್ತಿಯವರದೂ ಹೌದು. ಮಗು ಹುಟ್ಟಿದ 21 ದಿನದೊಳಗೆ ನೋಂದಾಯಿಸಿ, ಅದೇ ದಿನಾಂಕವನ್ನು ಶಾಲೆಗೂ ಕೊಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು ಜನನ ಪ್ರಮಾಣಪತ್ರವೇ ಆಧಾರವೆಂದು ಕಾನೂನಾಗಿದೆ.

ಎರಡು, ತೀರಿಕೊಂಡ ದಿನ. ಮರಣಕ್ಕೂ 1969ರ ಕಾಯ್ದೆಯಂತೆ 21 ದಿನಗಳೇ ಗಡುವು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಖಬ್ರಸ್ತಾನದ ಪುಸ್ತಕದಲ್ಲಿ ಬರೆದರೆ ಸಾಲದು. ದಾವಣಗೆರೆಯವರು ಮಹಾನಗರ ಪಾಲಿಕೆಯಲ್ಲಿ, ಹರಿಹರದವರು ನಗರಸಭೆಯಲ್ಲಿ ನೋಂದಾಯಿಸಬೇಕು. ವಿಮಾ ಕೋಷ್ಟಕಕ್ಕೆ ಪಾಲಿಸಿದಾರರ ಲೆಕ್ಕ ಮಾತ್ರ ಸೇರುತ್ತದೆ. ನಮ್ಮ ಮೊಹಲ್ಲಾದಲ್ಲಿ ಜನ ಯಾವ ವಯಸ್ಸಿಗೆ ತೀರಿಕೊಳ್ಳುತ್ತಿದ್ದಾರೆ ಎಂದು ಸರ್ಕಾರಕ್ಕೆ ತೋರಿಸಿ ಆಸ್ಪತ್ರೆ ಕೇಳಬೇಕಾದರೆ ಈ ನೋಂದಣಿಯೇ ನಮ್ಮ ಕೈಯಲ್ಲಿರುವ ಸಾಕ್ಷಿ.

ಸಂಘಕ್ಕೆ ನನ್ನದೊಂದು ವಿನಂತಿ. ಜನಾಝಾ ಆದ ವಾರದೊಳಗೆ ನಮ್ಮ ಇಬ್ಬರು ಕಾಲೇಜು ವಿದ್ಯಾರ್ಥಿಗಳು ಆ ಮನೆಗೆ ಹೋಗಿ ಅರ್ಜಿ ತುಂಬಿಕೊಡಲಿ, ವಯಸ್ಸಿನ ಕಾಗದಗಳನ್ನು ಹೊಂದಿಸಿ ನೋಡಲಿ. ಇದಕ್ಕೆ ಹೆಚ್ಚು ದುಡ್ಡು ಬೇಕಾಗಿಲ್ಲ, ಅಕ್ಷರ ಬಲ್ಲವರು ಬೇಕು. ನನ್ನ ಆ ವಿದ್ಯಾರ್ಥಿಯ ಮನೆಗೆ ಅಂದು ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಇನ್ನೊಬ್ಬ ಹುಡುಗ ಹಾಗೆ ಶಾಲೆ ಬಿಡಬಾರದು.