ಅಜ್ಜಿಯ ಬಾತ್ಕ್



ಈ ಶತಮಾನೋತ್ಸವದ ಸುದಿನದಂದು, ಬಾಲ್ಯದಲ್ಲಿ ನಮ್ಮನ್ನು ಕೈಹಿಡಿದು ದೇವಾಲಯಕ್ಕೆ ಕರೆದೊಯ್ದ ಹಿರಿಯರನ್ನು ಸ್ಮರಿಸೋಣ. ನಮಗೆ ಮೊದಲು ನೆನಪಾಗುವವರು ನಮ್ಮ ಅಜ್ಜಿ.

ಮಂಗಳೂರು ಸೀಮೆಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಕುಸ್ವಾರ್ ಸಿದ್ಧಪಡಿಸಿ ನೆರೆಹೊರೆಗೆ ಹಂಚುವುದು ವಾಡಿಕೆ. ಅದರೊಡನೆ ಅಜ್ಜಿ ಬಾತ್ಕ್ ಎಂಬ ಕೇಕನ್ನು ಮಾಡುತ್ತಿದ್ದರು. ರವೆ, ತೆಂಗಿನ ತುರಿ, ಸಕ್ಕರೆ, ಮೊಟ್ಟೆ, ತುಪ್ಪ, ಏಲಕ್ಕಿಗಳನ್ನು ಕಲಸಿ ಇರುಳಿಡೀ ನೆನೆಯಲು ಬಿಡುವರು. ಮರುದಿನ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿರಿಸಿ ಬೇಯಿಸುವರು.

ಒಂದು ವರ್ಷ ಗದ್ದೆಯ ಗಡಿಯ ವಿಷಯದಲ್ಲಿ ನೆರೆಮನೆಯವರೊಡನೆ ಮಾತು ನಿಂತಿತ್ತು. ಅಲ್ಲಿಗೆ ತಟ್ಟೆ ಒಯ್ಯಲು ಮೊಮ್ಮಕ್ಕಳಾದ ನಾವು ಒಪ್ಪಲಿಲ್ಲ. "ಇದನ್ನು ಕೊಡದೆ ನಡುರಾತ್ರಿಯ ಪೂಜೆಗೆ ಹೇಗೆ ಹೋಗಲಿ ಮಕ್ಕಳೇ?" ಎಂದು ಅಜ್ಜಿ ತಾವೇ ನಡೆದರು. ಮರಳಿ ಬಂದಾಗ ಅದೇ ತಟ್ಟೆಯಲ್ಲಿ ಆ ಮನೆಯವರು ಕೊಟ್ಟ ಒಂದು ಅಚ್ಚು ಬೆಲ್ಲವಿತ್ತು.

ಸಹೋದರನೊಡನೆ ಸಮಾಧಾನವಾದ ಬಳಿಕವೇ ಬಲಿಪೀಠಕ್ಕೆ ಕಾಣಿಕೆ ತರಬೇಕೆಂದು ಪ್ರಭು ಬೋಧಿಸಿದುದನ್ನು ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ನಾವು ಸೆಮಿನರಿಯಲ್ಲಿ ಓದಿದೆವು. ಅಕ್ಷರ ಬಾರದ ಅಜ್ಜಿ ಅದನ್ನು ಬಾಳಿ ತೋರಿಸಿದ್ದರು.

ಇಂದು ಕೇಕು ಬೇಕರಿಯಿಂದ ಬಂದರೂ ತಪ್ಪಿಲ್ಲ. ಆದರೆ ಈ ವರ್ಷದ ಮೊದಲ ತಟ್ಟೆ ನಾವು ಮಾತು ಬಿಟ್ಟಿರುವ ಮನೆಗೆ ಹೋಗಲಿ. ಪ್ರಭು ನಮ್ಮೆಲ್ಲರನ್ನೂ ಹರಸಲಿ.