ಮಮತೆಯ ಸುಳಿ

(ಸಾಗರದಲ್ಲಿ ಸಾಹಿತ್ಯಾಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ಪ್ರೀತಿ, ಕರುಣೆ, ಮನುಷ್ಯ ಸ್ವಭಾವ ಇವುಗಳ ಬಗ್ಗೆ ನಮ್ಮ ಕಾವ್ಯಗಳು ಏನು ಹೇಳುತ್ತವೆ ಎಂದು ಮಾತನಾಡಲು ಕರೆದಿದ್ದೀರಿ. ಪ್ರೀತಿ ದೊಡ್ಡದು, ಕರುಣೆ ಅದಕ್ಕಿಂತ ದೊಡ್ಡದು ಎಂದು ಹೇಳಿ ನಾನು ಕುಳಿತುಬಿಟ್ಟರೆ ನಿಮ್ಮಲ್ಲಿ ಯಾರೂ ಆಕ್ಷೇಪಿಸಲಾರಿರಿ. ಆದರೆ ನಮ್ಮ ಒಳ್ಳೆಯ ಬರಹಗಾರರು ಅಷ್ಟಕ್ಕೆ ನಿಲ್ಲಿಸಿದವರಲ್ಲ. ಕೆಡುಕು ದ್ವೇಷದಿಂದಷ್ಟೇ ಹುಟ್ಟುವುದಿಲ್ಲ, ಪ್ರೀತಿಯಿಂದಲೂ ಹುಟ್ಟುತ್ತದೆ ಎಂಬ ಕಷ್ಟದ ಮಾತನ್ನು ಅವರು ಹೇಳಿದ್ದಾರೆ. ಅದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ತೀರ್ಥಹಳ್ಳಿ ಮತ್ತು ಸಾಗರದ ಇಬ್ಬರು ಬರಹಗಾರರು ಸಾಕು.

ಮೊದಲು ಮಂಥರೆ. ಮನೆ ಮುರಿಯುವ ಹೆಂಗಸನ್ನು ಬಯ್ಯಲು ಇಂದಿಗೂ ನಮಗೆ ಇವಳ ಹೆಸರು ಬೇಕು. ವಾಲ್ಮೀಕಿಯಲ್ಲಿ ರಾಮ ಕಾಡಿಗೆ ಹೋದ ಮೇಲೆ ಶತ್ರುಘ್ನ ಇವಳನ್ನು ಹಿಡಿದು ನೆಲದ ಮೇಲೆ ಎಳೆದಾಡುತ್ತಾನೆ. ಬಿಡಿಸುವವನು ಭರತ. ಅವನು ಕೊಡುವ ಕಾರಣ ಗಮನಿಸಬೇಕಾದದ್ದು: ಈಕೆಯನ್ನು ಕೊಂದೆವೆಂದು ತಿಳಿದರೆ ರಾಮ ನಮ್ಮಿಬ್ಬರೊಡನೆ ಮಾತೂ ಆಡಲಾರ ಎಂಬುದು. ಅಣ್ಣನ ಧರ್ಮಕ್ಕೆ ಅಂಜಿ ಅವನು ಅವಳನ್ನು ಉಳಿಸಿದ. ಅದೂ ಒಂದು ಬಗೆಯ ಕರುಣೆಯೇ, ಇಲ್ಲವೆನ್ನಲಾರೆ. ಆದರೆ ಅವಳು ಯಾಕೆ ಹಾಗೆ ಮಾಡಿದಳು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆಮೇಲೆ ಕಥೆಗೆ ಅವಳು ಬೇಕಾಗುವುದೂ ಇಲ್ಲ.

ಆ ಪ್ರಶ್ನೆ ಕೇಳಿದವರು ಕುಪ್ಪಳಿಯಲ್ಲಿ ಬೆಳೆದ ಕುವೆಂಪು. 1949ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಅವಳ ಪಾಲಿಗೊಂದು ಇಡೀ ಸಂಚಿಕೆಯೇ ಇದೆ. ಅದರ ಹೆಸರು ‘ಮಮತೆಯ ಸುಳಿ ಮಂಥರೆ’. ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಸುಳಿ ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಅದಕ್ಕೆ ಯಾರ ಮೇಲೂ ಹಗೆಯಿಲ್ಲ. ಅದೂ ಅದೇ ನೀರು, ಒಂದೇ ಕಡೆ ತಿರುಗುತ್ತದೆ, ಅಷ್ಟೆ. ಲೋಕವೆಲ್ಲ ಅವಳ ಗೂನು ನೋಡಿ ಅಸಹ್ಯಪಟ್ಟಾಗ ಅವಳಿಗೆ ಸಿಕ್ಕಿದ್ದು ಕೈಕೆಯ ಅಕ್ಕರೆ ಒಂದೇ. ಆ ಅಕ್ಕರೆಯ ಋಣವನ್ನೆಲ್ಲ ಅವಳು ಭರತನ ಮೇಲೆ ಸುರಿದಳು. ಭರತನಿಗೆ ಒಳ್ಳೆಯದಾಗಬೇಕು. ಅದರಾಚೆಗೆ ಏನಾಗುತ್ತದೆ ಎಂದು ಅವಳ ಕಣ್ಣಿಗೆ ಕಾಣಲಿಲ್ಲ. ಕೊನೆಗೆ ತಾನು ಕಾಡಿಗಟ್ಟಿದ ರಾಮನನ್ನು ಹುಡುಕಿಕೊಂಡು ಅವಳೇ ಕಾಡಿಗೆ ಹೊರಡುತ್ತಾಳೆ, ಕಾಳ್ಗಿಚ್ಚಿಗೆ ಸಿಕ್ಕಿ ಸಾಯುತ್ತಾಳೆ. ಕವಿ ಅವಳ ತಪ್ಪನ್ನು ಮುಚ್ಚಿಡಲಿಲ್ಲ. ವನವಾಸವೂ ತಪ್ಪಲಿಲ್ಲ, ದಶರಥನೂ ಸತ್ತ. ತಪ್ಪನ್ನು ತಪ್ಪೆಂದೇ ಹೇಳಿಯೂ ತಪ್ಪು ಮಾಡಿದವಳನ್ನು ಕೈಬಿಡದಿರುವುದು, ನನ್ನ ಮಟ್ಟಿಗೆ, ಬಹಳ ದೊಡ್ಡ ಕಾವ್ಯಕೆಲಸ.

ಕುವೆಂಪು ಬೆಳೆದ ತಾಲ್ಲೂಕಿನ ಅಂಬುತೀರ್ಥದಲ್ಲೇ ಶರಾವತಿ ಹುಟ್ಟುವುದು. ಸೀತೆಯ ಬಾಯಾರಿಕೆ ತಣಿಸಲು ರಾಮ ಬಾಣ ಬಿಟ್ಟು ತರಿಸಿದ ನೀರು ಅದೆಂದು ಐತಿಹ್ಯ. ಒಬ್ಬ ಹೆಂಗಸಿನ ಬಾಯಾರಿಕೆಗೆಂದು ಬಂದ ಹೊಳೆಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಡ್ಡಗಟ್ಟಿ, 1819 ಅಡಿ ಮಟ್ಟದವರೆಗೆ, 151 ಟಿಎಂಸಿಗೂ ಹೆಚ್ಚು ನೀರು ನಿಲ್ಲಿಸಿದೆವು. ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟ, ದೇವಸ್ಥಾನಗಳು ಮುಳುಗಿದವು. ಕಟ್ಟಿಸಿದವರು ಯಾರೂ ಆ ಊರಿನವರ ಹಗೆಗಳಲ್ಲ. ನಾಡಿಗೆ ಬೆಳಕು ಬರಲಿ ಎಂಬ ಪ್ರೀತಿಯಿಂದಲೇ ಕಟ್ಟಿಸಿದರು. ಬೆಳಕೂ ಬಂತು.

ಇದನ್ನೆಲ್ಲ ಹತ್ತಿರದಿಂದ ಕಂಡವರು ನಿಮ್ಮೂರಿನ ನಾ. ಡಿಸೋಜ. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದವರು, ಎಂದರೆ ಕಟ್ಟುವವರ ಕಡೆಯವರು. ಬರೆದದ್ದು ಮಾತ್ರ ಮುಳುಗಿದವರ ಬಗ್ಗೆ. ಅವರ ‘ದ್ವೀಪ’ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದರು. ಅವರೂ ತೀರ್ಥಹಳ್ಳಿ ಕಡೆಯವರೇ. 2001ರ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದದ್ದು ಅದಕ್ಕೆ.

ಆ ಚಿತ್ರದಲ್ಲಿ ಸೀತಾಪರ್ವತವೆಂಬ ಗುಡ್ಡ. ರಾಮ ಸೀತೆಯರು ಅಲ್ಲಿ ಇದ್ದರೆಂದು ಜನರ ನಂಬಿಕೆ. ಸುತ್ತ ನೀರು ಏರುತ್ತದೆ, ಊರವರೆಲ್ಲ ಗಂಟುಮೂಟೆ ಕಟ್ಟಿ ಹೊರಡುತ್ತಾರೆ. ಅರ್ಚಕರ ಮನೆಯವನಾದ ಗಣಪ ಹೋಗುವುದಿಲ್ಲ. ಪರಿಹಾರದ ಲೆಕ್ಕದಲ್ಲಿ ಜಮೀನಿಗೆ ಬೆಲೆಯಿದೆ. ಇಲ್ಲಿ ತನಗಿದ್ದ ಸ್ಥಾನಕ್ಕೆ ಯಾವ ಕಾಲಮ್ಮೂ ಇಲ್ಲ. ಅಲ್ಲಿಗೆ ಹೆಂಡತಿ ನಾಗವೇಣಿಯ ಊರಿನ ಕೃಷ್ಣ ನೆರವಿಗೆ ಬರುತ್ತಾನೆ. ಮನೆಯಲ್ಲಿ ಒಂದಿಷ್ಟು ಮಾತು, ನಗು. ಆ ನಗುವೇ ಗಣಪನಿಗೆ ಮುಳ್ಳಾಗುತ್ತದೆ. ಹೊರಗಿನ ನೀರಿಗಿಂತ ಬೇಗ ಅವನ ಮನಸ್ಸಿನ ಸಂಶಯ ಏರುತ್ತದೆ.

ಇವನನ್ನು ಕೆಟ್ಟವನೆಂದು ತಳ್ಳಿಹಾಕುವುದು ಸುಲಭ. ಆದರೆ ಮನೆಯ ಮೇಲಿನ ಪ್ರೀತಿಯೇ ಅವನನ್ನು ಹಾಗೆ ಮಾಡಿದ್ದು. ಸರ್ಕಾರಕ್ಕೆ ತಾನು ಕಾಣಲಿಲ್ಲ ಎಂದು ನೋಯುವ ಗಣಪನಿಗೆ ಪಕ್ಕದಲ್ಲೇ ಇರುವ ನಾಗವೇಣಿ ಕಾಣುವುದಿಲ್ಲ! ಡಿಸೋಜರೂ ಕಾಸರವಳ್ಳಿಯವರೂ ಅವನಿಗಾದ ಅನ್ಯಾಯವನ್ನು ಹೇಳಿದರು, ಅವನು ಮಾಡಿದ ಅನ್ಯಾಯವನ್ನೂ ಹೇಳಿದರು. ನಮ್ಮ ಮುಳುಗಡೆಯ ಭಾಷಣಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ.

2025ರ ಜುಲೈಯಲ್ಲಿ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವಿನ ಸೇತುವೆ ತೆರೆಯಿತು. ಲಾಂಚಿಗೆ ಕಾದು ನಿಲ್ಲುತ್ತಿದ್ದವರು ಈಗ ಕೆಲವೇ ನಿಮಿಷಗಳಲ್ಲಿ ಆಚೆ ದಡದಲ್ಲಿರುತ್ತಾರೆ. ಸಂತೋಷದ ಸಂಗತಿ. ಆದರೆ ಅರುವತ್ತು ವರ್ಷ ಕಳೆದರೂ ಎಬ್ಬಿಸಿ ಕಳಿಸಿದ ಎಷ್ಟೋ ಕುಟುಂಬಗಳಿಗೆ ತಾವು ಉಳುತ್ತಿರುವ ನೆಲದ ಹಕ್ಕುಪತ್ರದ ತಗಾದೆ ಮುಗಿದಿಲ್ಲ. ಅದು ಕಾಡಿನ ಜಮೀನು ಎಂಬುದು ಈಗಿನ ತಕರಾರು. ಇಲ್ಲೂ ಕಾಡಿನ ಮೇಲಿನ ಪ್ರೀತಿಯ ಮಾತೇ ಬರುತ್ತದೆ, ನೋಡಿ.

ಚಿತ್ರದ ಕೊನೆಯ ರಾತ್ರಿ ನಾಗವೇಣಿ ಸುತ್ತಲೂ ಬೆಂಕಿ ಹಾಕಿ ಹುಲಿ ಹತ್ತಿರ ಬರದಂತೆ ಮನೆಯನ್ನು ಕಾಯುತ್ತಾಳೆ. ಬೆಳಗಾಗುತ್ತದೆ. ಉಳಿದೆವಲ್ಲ ಎಂದು ಗಣಪ ಅದರ ಹಿರಿಮೆಯನ್ನೆಲ್ಲ ದೇವರಿಗೆ ಒಪ್ಪಿಸುತ್ತಾನೆ. ರಾತ್ರಿಯೆಲ್ಲ ಎಚ್ಚರವಿದ್ದವಳು ಪಕ್ಕದಲ್ಲೇ ಇದ್ದಾಳೆ.