ನಾಡಿನ ಓದಿಗೆ ವಿದ್ಯಾರ್ಥಿವೇತನ

ವಿದ್ಯಾರ್ಥಿವೇತನದಲ್ಲಿ ಎರಡು ಬಗೆ. ಓದುವವರ ಬಡತನ ನೋಡಿ ಕೊಡುವುದು ಒಂದು. ಓದುವ ವಿಷಯದ ತೂಕ ನೋಡಿ ಕೊಡುವುದು ಇನ್ನೊಂದು. ಮೊದಲನೆಯದು ಇಲ್ಲದಿದ್ದರೆ ಹಳ್ಳಿಯ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಕಷ್ಟ. ಎರಡನೆಯದು ಇಲ್ಲದಿದ್ದರೆ ಕಾಲೇಜು ಮುಗಿಸಿದವರು ತಮ್ಮ ನಾಡಿನ ಬಗ್ಗೆ ಹೊಸದೇನನ್ನೂ ಹುಡುಕಲಾರರು. ಬಾಗಲಕೋಟೆ ಜಿಲ್ಲೆಯಲ್ಲಿ ಮೊದಲನೆಯದು ಅಷ್ಟಿಷ್ಟು ಸಿಗುತ್ತದೆ. ಎರಡನೆಯದು ಇಲ್ಲವೆನ್ನುವಷ್ಟು ಕಡಿಮೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮಗಳನ್ನು ಒಡಲಲ್ಲಿಟ್ಟುಕೊಂಡ ಜಿಲ್ಲೆಗೆ ಇದು ಸಣ್ಣ ಕೊರತೆಯಲ್ಲ. ಜಿಲ್ಲೆ ಮೊದಲು ಎತ್ತಿಕೊಳ್ಳಬೇಕಾದ ವಿಷಯವೂ ಇದೇ.

ಓದುವವರನ್ನು ಊರೇ ಸಾಕುವ ಪದ್ಧತಿ ಈ ಸೀಮೆಗೆ ಹಳೆಯದು. ಬಾಗಲಕೋಟೆಯೂ ಸೇರಿದ್ದ ಹಿಂದಿನ ವಿಜಾಪುರ ಜಿಲ್ಲೆಯದೇ ಊರಾದ, ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು, ಅವರ ಊಟಕ್ಕೆ ಹೊಲ ಬಿಡಲಾಗಿತ್ತು, ದೀಪದ ಎಣ್ಣೆಗೂ ಬೇರೆಯಾಗಿ ಭೂಮಿ ತೆಗೆದಿರಿಸಲಾಗಿತ್ತು. ಊರವರ ಪಾಲು ಇನ್ನೂ ಗಮನಾರ್ಹ: ಊರಲ್ಲಿ ನಡೆಯುವ ಪ್ರತಿ ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಶಾಲೆಗೆ ಸಲ್ಲಬೇಕು. ಚಿತ್ತಾಪುರದ ಹತ್ತಿರದ ನಾಗಾವಿಯ 1058ರ ಶಾಸನದಲ್ಲಿ ವೇದ ಓದುವ 200 ಮಂದಿಯ ಜೊತೆಗೆ ಗ್ರಂಥಗಳನ್ನು ಕಾಯುವ ಆರು ಜನ ಸರಸ್ವತೀ ಭಂಡಾರಿಗರಿಗೂ ವೃತ್ತಿ ಇದೆ. ಪುಸ್ತಕ ಕಾಯುವವನಿಗೆ ಸಂಬಳ ಕೊಡದೆ ವಿದ್ಯೆ ಉಳಿಯದೆಂದು ಆ ಕಾಲದವರಿಗೆ ಗೊತ್ತಿತ್ತು. ಆ ಶಾಲೆಗಳ ಬಾಗಿಲು ಎಲ್ಲ ಜಾತಿಯವರಿಗೆ, ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ ಎಂಬ ಮಾತನ್ನೂ ಇಲ್ಲಿಯೇ ಹೇಳಬೇಕು. ಅವರಿಂದ ಕಲಿಯಬೇಕಾದದ್ದು ಹಣ ಹೊಂದಿಸಿದ ಬಗೆಯನ್ನು ಮಾತ್ರ.

ಹೊಸಗಾಲದಲ್ಲಿ ಈ ಹೊಣೆಯನ್ನು ಸಂಘಗಳೂ ದಾನಿಗಳೂ ಹೊತ್ತರು. 1883ರಲ್ಲಿ ಧಾರವಾಡದಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಬಡ ವಿದ್ಯಾರ್ಥಿಗಳಿಗೆ ವೇತನ ಕೊಡಲಾರಂಭಿಸಿತು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಇಡೀ ಆಸ್ತಿಯನ್ನು ವಿದ್ಯಾರ್ಥಿಗಳಿಗೆಂದು ಬರೆದಿಟ್ಟು ಹೋದರು. ಆ ವರ್ಷವೇ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಲಂಡನ್ ವಿಶ್ವವಿದ್ಯಾಲಯದಲ್ಲಿ ವೀರಶೈವವನ್ನು ಕುರಿತು ಸಂಶೋಧನೆ ಮಾಡಿದ ಶಿ. ಚ. ನಂದೀಮಠರು ಬಾಗಲಕೋಟೆಯ ಬಸವೇಶ್ವರ ಕಾಲೇಜಿನ ಪ್ರಾಂಶುಪಾಲರಾಗಿ ದುಡಿದರು. ಅವರ ಇಂಗ್ಲಿಷ್ ಗ್ರಂಥವನ್ನು 1942ರಲ್ಲಿ ಧಾರವಾಡದ ಅದೇ ಸಂಸ್ಥೆ ಅಚ್ಚು ಹಾಕಿಸಿತು. ಬಡ ಮಕ್ಕಳನ್ನು ಓದಿಸುವ ಸಂಸ್ಥೆಯೇ ನಾಡಿನ ವಿಷಯದ ಸಂಶೋಧನೆಯನ್ನು ಪ್ರಕಟಿಸುವ ಆ ಕ್ರಮ ಮುಂದೆ ಸಡಿಲವಾಯಿತು. ಸಂಘಗಳ ಹಣ ಕಟ್ಟಡಗಳಿಗೆ, ವೃತ್ತಿ ಶಿಕ್ಷಣಕ್ಕೆ ಹರಿಯಿತು.

ಇಂದು ಇರುವ ನೆರವಿನ ಲೆಕ್ಕ ಹೀಗಿದೆ. ಪದವಿ, ಸ್ನಾತಕೋತ್ತರ ಹಂತದಲ್ಲಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಶುಲ್ಕ ಮರುಪಾವತಿ ಸಿಗುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದು 2013-14ರಲ್ಲಿ ಆರಂಭವಾದ ವಿದ್ಯಾಸಿರಿ ವರ್ಷಕ್ಕೆ 10 ತಿಂಗಳು ನೆರವಾಗುತ್ತದೆ. ಪಿಎಚ್‌.ಡಿ. ಹಂತದಲ್ಲಿ ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್ ಇದೆ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಕನ್ನಡ, ಇತಿಹಾಸ, ಪುರಾತತ್ವ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. 1972ರಲ್ಲಿ ಸ್ಥಾಪನೆಯಾದ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಇತಿಹಾಸದ ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತದೆ. ನೆಟ್ ಅರ್ಹತೆ ಇಲ್ಲದೆ ಪಿಎಚ್‌.ಡಿ. ಮಾಡುವವರಿಗೆ ತಿಂಗಳಿಗೆ 8,000 ರೂಪಾಯಿ ಕೊಡುವ ಯುಜಿಸಿ ಯೋಜನೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೀಮಿತ. ಜಮಖಂಡಿಯಲ್ಲಿ ನೆಲೆಗೊಂಡಿರುವ, ಇನ್ನೂ ಎಳೆಯದಾದ ಬಾಗಲಕೋಟೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅದು ಸಿಗದು. ವಿದೇಶಕ್ಕೆ ಹೋಗಿ ಓದುವ ದಲಿತ ವಿದ್ಯಾರ್ಥಿಗಳಿಗಿರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಿಂದ 2022ರ ನಿಯಮಗಳು ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸಗಳ ವಿಷಯಗಳನ್ನೇ ಹೊರಗಿಟ್ಟವು. ಹುನಗುಂದದ ದಲಿತ ಹುಡುಗಿಯೊಬ್ಬಳು ಐಹೊಳೆಯ ಬಗ್ಗೆ ಲಂಡನ್ನಿನಲ್ಲಿ ಓದುತ್ತೇನೆಂದರೆ ಈ ನೆರವು ಅವಳಿಗಿಲ್ಲ. ಈ ನಿಯಮ ಅನ್ಯಾಯದ್ದು, ಅದನ್ನು ತೆಗೆಯಬೇಕು.

ಇವುಗಳ ನಡುವೆ ಎಂ.ಎ. ಓದುವಾಗಿನ ಎರಡು ವರ್ಷ ಮತ್ತು ಜೆಆರ್‌ಎಫ್ ಸಿಗುವವರೆಗಿನ ಕಾಲ ಸಂಶೋಧನೆಯ ನೆರವಿಲ್ಲದೆ ಬರಿದಾಗಿ ಉಳಿದಿದೆ. ಸಂಶೋಧನೆಯ ರುಚಿ ಹತ್ತುವುದೂ ಹತ್ತದೆ ಹೋಗುವುದೂ ಆಗಲೇ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಪ್ರಶಸ್ತಿ, 543ರಲ್ಲಿ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಬಾದಾಮಿಯ ಬಂಡೆ ಬರಹ, ತಟ್ಟುಕೋಟೆಯ ಬಳಿಯ ಕಪ್ಪೆ ಅರಭಟ್ಟನ ತ್ರಿಪದಿಗಳು ಪಠ್ಯದಲ್ಲಿವೆ, ಪರೀಕ್ಷೆಯಲ್ಲಿ ಬರುತ್ತವೆ. ಆದರೆ ಶಾಸನದ ಮುಂದೆ ನಿಂತು ಅಕ್ಷರ ಓದಲು, ಪುರಾತತ್ವ ಇಲಾಖೆಯ ಅನುಮತಿ ಪಡೆದು ಪಡಿಯಚ್ಚು ತೆಗೆಯಲು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ಹೋಗಿ ಸಂಪುಟಗಳನ್ನು ನೋಡಲು ಹಣ ಬೇಕು, ಬಿಡುವೂ ಬೇಕು. ರಜೆಯಲ್ಲಿ ಕೂಲಿಗೆ, ಮಗ್ಗಕ್ಕೆ, ಅಂಗಡಿಗೆ ಹೋಗಬೇಕಾದ ವಿದ್ಯಾರ್ಥಿಗೆ ಎರಡೂ ಇಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಕ್ಷೇತ್ರಕಾರ್ಯ ಮಾಡುವ ವಿದ್ಯಾರ್ಥಿನಿಯರಿಗೆ ಯಾವ ಫೆಲೋಶಿಪ್ಪೂ ಮಾಡದ ಉಪಕಾರ ಮಾಡಿದೆ, ಇದನ್ನು ದಾಖಲಿಸಲೇಬೇಕು.

ಹೊರಗಿನವರು ಬಂದು ಈ ನಾಡನ್ನು ಓದಿದ್ದಾರೆ, ಚೆನ್ನಾಗಿ ಓದಿದ್ದಾರೆ. ಹೆನ್ರಿ ಕಸಿನ್ಸ್‌ರ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ 1926ರಲ್ಲಿ ಬಂತು. ಲಜ್ಜಾಗೌರಿ ದೇವಿಯ ಮೇಲೆ ಕ್ಯಾರಲ್ ರಾಡ್‌ಕ್ಲಿಫ್ ಬೋಲನ್ 1992ರಲ್ಲಿ, ಐಹೊಳೆಯ ದುರ್ಗಾ ಗುಡಿಯ ಮೇಲೆ ಗ್ಯಾರಿ ಟಾರ್ಟಕೋವ್ 1997ರಲ್ಲಿ ಇಡೀ ಪುಸ್ತಕಗಳನ್ನೇ ಬರೆದರು. ಅಮೆರಿಕದ ವಿದ್ವಾಂಸರನ್ನು ಭಾರತದಲ್ಲಿ ಓದಿಸಲೆಂದೇ 1961ರಲ್ಲಿ ಹುಟ್ಟಿದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ವರ್ಷವರ್ಷವೂ ಫೆಲೋಶಿಪ್ ಕೊಡುತ್ತಿದೆ. ಅವರ ದುಡಿಮೆಗೆ ಈ ನಾಡು ಕೃತಜ್ಞವಾಗಿರಬೇಕು. ಅಷ್ಟೇ ಬಲದಿಂದ, ಪಟ್ಟದಕಲ್ಲಿನ ಹುಡುಗನಿಗೂ ಅಂಥ ಒಂದು ವರ್ಷ ಸಿಗಬೇಕೆಂದು ಕೇಳಬೇಕು.

ನಾಡಿನ ಓದಿಗೆ ನೆರವಾಗುವ ದಾರಿಯಲ್ಲಿ ಬಹಳ ಮುಂದೆ ಹೋಗಿರುವ ಸಣ್ಣ ದೇಶ ಐರ್ಲೆಂಡ್. ಕನ್ನಡ ನಾಡಿಗೂ ಅದಕ್ಕೂ ನಂಟಿದೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಹುಟ್ಟಿದ್ದು ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ. ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಕೃಷ್ಣೆಯ ಆಚೆ ದಂಡೆಯ ಶಿಲಾಗೋರಿಗಳ ಬಗ್ಗೆ ಬರೆದ ವಿವರ 1860ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಬಗೆಯ ಗೋರಿಗಳು ಮೇಗುತಿ ಗುಡ್ಡದ ಮೇಲೂ ಇವೆ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ವಿದ್ಯಾರ್ಥಿ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯುವಂತೆ 1924ರಲ್ಲಿ ಮೈಸೂರಿನಲ್ಲಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್.

1936ರ ಜನಗಣತಿಯಲ್ಲಿ ಸ್ವತಂತ್ರ ಐರ್ಲೆಂಡಿನ ಜನಸಂಖ್ಯೆ 30 ಲಕ್ಷವನ್ನೂ ಮುಟ್ಟಿರಲಿಲ್ಲ. 2011ರಲ್ಲಿ ಬಾಗಲಕೋಟೆ ಜಿಲ್ಲೆಯೊಂದರದೇ ಸುಮಾರು 19 ಲಕ್ಷ. ಬಡತನದ ಆ ದಿನಗಳಲ್ಲೇ ಅವರು 1935ರಲ್ಲಿ ಜಾನಪದ ಆಯೋಗ ಸ್ಥಾಪಿಸಿದರು. 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ಅಜ್ಜ ಅಜ್ಜಿಯರಿಂದ ಕಥೆ, ನಂಬಿಕೆ, ಮದ್ದು, ಆಟಗಳನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದರು. ಆ ನೋಟ್‌ಬುಕ್ಕುಗಳು ಈಗ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿವೆ, ಅಂತರ್ಜಾಲದಲ್ಲೂ ಓದಲು ಸಿಗುತ್ತವೆ. 1940ರಲ್ಲಿ ಡಬ್ಲಿನ್ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್‌ಡ್ ಸ್ಟಡೀಸ್ ತೆರೆದಾಗ ಸೈದ್ಧಾಂತಿಕ ಭೌತಶಾಸ್ತ್ರದ ಪಕ್ಕದಲ್ಲೇ ಕೆಲ್ಟಿಕ್ ಅಧ್ಯಯನಕ್ಕೂ ಪೂರ್ಣ ಶಾಲೆ ಕೊಟ್ಟರು. ಹಳೆಯ ಐರಿಷ್ ಹಸ್ತಪ್ರತಿ ಓದುವ ಯುವಕರಿಗೆ ಅಲ್ಲಿ ಈಗಲೂ ಓ'ಡೊನೊವನ್ ಹೆಸರಿನ ವಿದ್ಯಾರ್ಥಿವೇತನಗಳಿವೆ. ಹೊರದೇಶದವರಿಗೆ ಐರ್ಲೆಂಡ್ ಸರ್ಕಾರ ವರ್ಷಕ್ಕೆ 60 ವಿದ್ಯಾರ್ಥಿವೇತನ ಕೊಡುತ್ತದೆ: ಒಂದು ವರ್ಷದ ಶುಲ್ಕ ಮನ್ನಾ, ಖರ್ಚಿಗೆ 10,000 ಯೂರೋ. ಯೇಟ್ಸ್, ಸಿಂಜ್, ಬೆಕೆಟ್ ಓದಿದ ಬಾಗಲಕೋಟೆಯ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳೂ ಇದಕ್ಕೆ ಅರ್ಜಿ ಹಾಕಬಹುದು. ಹಾಕುವಂತೆ ಅಧ್ಯಾಪಕರು ಹುರಿದುಂಬಿಸಬೇಕು. ಅಮೆರಿಕಕ್ಕೆ ವಲಸೆ ಹೋದ ಐರಿಷರ ಮಕ್ಕಳು ಮೊಮ್ಮಕ್ಕಳ ಹಣದಿಂದ ಅಲ್ಲಿಯ ವಿಶ್ವವಿದ್ಯಾಲಯಗಳಲ್ಲೂ ಐರಿಷ್ ಅಧ್ಯಯನ ಬೇರೂರಿತು. ಅಮೆರಿಕದ ಕನ್ನಡ ಕೂಟಗಳು ಹಬ್ಬ, ಸಮಾವೇಶಗಳಿಗೆ ತೋರುವ ಉತ್ಸಾಹದ ಒಂದು ಪಾಲನ್ನು ಇತ್ತ ತಿರುಗಿಸಲು ಸಾಧ್ಯವಿದೆ.

ಬಾಗಲಕೋಟೆಯಲ್ಲಿ ಮೊದಲು ಬೇಕಾದದ್ದು ಸಣ್ಣ ಕ್ಷೇತ್ರಕಾರ್ಯ ವೇತನ. ತಿಂಗಳಿಗೆ 8,000 ರೂಪಾಯಿಯಂತೆ 10 ತಿಂಗಳು ಐದು ಜನರಿಗೆ ಕೊಟ್ಟರೆ ವರ್ಷಕ್ಕೆ ನಾಲ್ಕು ಲಕ್ಷ. ಶೇ. 7ರ ಬಡ್ಡಿ ಹಿಡಿದರೆ ಸುಮಾರು 57 ಲಕ್ಷದ ಇಡುಗಂಟು ಇದನ್ನು ನಿರಂತರ ನಡೆಸುತ್ತದೆ. ವಿಷಯಗಳಿಗೆ ಬರವಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವ ಕೈಗಳು ಕಡಿಮೆಯಾಗುತ್ತಿವೆ. ಅವರ ಮಾತು, ಲೆಕ್ಕ, ಬಣ್ಣದ ಹೆಸರುಗಳನ್ನು ದಾಖಲಿಸುವವರು ಬೇಕು. ಗುಳೇದಗುಡ್ಡದ ಖಣ, ಬನಶಂಕರಿ ಜಾತ್ರೆಯಲ್ಲಿ ಬಿಡಾರ ಹೂಡುವ ನಾಟಕ ಕಂಪನಿಗಳು, ಶ್ರೀಕೃಷ್ಣ ಪಾರಿಜಾತದ ಮೇಳಗಳು, ಇಳಕಲ್‌ನ ಕೆಂಪು ಗ್ರಾನೈಟ್ ಕ್ವಾರಿಗಳ ಕಾರ್ಮಿಕರು, ಆಲಮಟ್ಟಿಯ ಹಿನ್ನೀರಿನಿಂದ ಎದ್ದು ನವನಗರಕ್ಕೆ ಬಂದ ಕುಟುಂಬಗಳ ನೆನಪುಗಳು ಕಾದಿವೆ. ಕೊನೆಯದಕ್ಕೆ ಅವಸರವೂ ಇದೆ. ಹಳೆಯ ಬಾಗಲಕೋಟೆಯ ಓಣಿಗಳನ್ನು ಕಂಡ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.

ಷರತ್ತು ಎರಡು ಸಾಕು: ಸಂಗ್ರಹಿಸಿದ ಸಾಮಗ್ರಿಯ ಒಂದು ಪ್ರತಿ ತಾಲ್ಲೂಕಿನ ಕಾಲೇಜು ಗ್ರಂಥಾಲಯಕ್ಕೆ ಸೇರಬೇಕು, ಮಾಹಿತಿ ಕೊಟ್ಟವರ ಊರಲ್ಲೇ ಅದನ್ನು ಕನ್ನಡದಲ್ಲಿ ಓದಿ ತೋರಿಸಬೇಕು. ಅರ್ಜಿ ಕನ್ನಡದಲ್ಲಿ, ಎರಡು ಪುಟ ಮೀರದಂತೆ ಇರಬೇಕು. ಆಯ್ಕೆಯಲ್ಲಿ ಅಂಕಕ್ಕಿಂತ ಪ್ರಶ್ನೆಗೆ ಬೆಲೆ ಸಿಗಬೇಕು. ಐದರಲ್ಲಿ ಎರಡಾದರೂ ಹೆಣ್ಣುಮಕ್ಕಳಿಗೆ ಮೀಸಲಾಗಬೇಕು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ನ ವಿದ್ಯಾವರ್ಧಕ ಸಂಘಗಳು, ಮಠಗಳು, ಸಹಕಾರಿ ಬ್ಯಾಂಕುಗಳು, ಸೀರೆ ಮತ್ತು ಗ್ರಾನೈಟ್ ವ್ಯಾಪಾರಿಗಳು ಈ ಇಡುಗಂಟಿಗೆ ಕೈಜೋಡಿಸಬೇಕು; ಬರುವ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಮೊದಲ ಐದು ವೇತನಗಳನ್ನು ಪ್ರಕಟಿಸಬೇಕು.